ದೊಡ್ಡೋರು ಬಂದವ್ರೆ

ನಾನು ಮಹಿಳಾ ಹಾಸ್ಟೆಲ್ ಒಂದರ ವಾರ್ಡನ್ ಆಗಿದ್ದವಳು. ನಿವೃತ್ತಿಯಾದ ಮೇಲೂ ಗಂಟೆ ಹೊಡೆದ ಹಾಗೆ ಬದುಕುವ ಅಭ್ಯಾಸ ಹೋಗಿಲ್ಲ. ಚಾಮರಾಜಪುರಂನ ನಮ್ಮ ವಾಕಿಂಗ್ ಗುಂಪಿನವರನ್ನು ಭಾನುವಾರಗಳಂದು ಕಾಡಂಚಿನ ಒಂದು ಊರಿಗೆ ಕಳಿಸುವ ಕೆಲಸ ಹಚ್ಚಿಕೊಂಡಿದ್ದೆ. ರಾಷ್ಟ್ರೀಯ ಉದ್ಯಾನದ ಗಡಿಗೆ ಅಂಟಿಕೊಂಡ ಊರು ಅದು. ಅಲ್ಲಿನ ಕೆಲವು ಮನೆಯವರು ಒಟ್ಟಾಗಿ, ಬಂದವರಿಗೆ ಊಟ ಹಾಕಿ, ಕೆರೆ ಏರಿಯ ಮೇಲೆ ಹಕ್ಕಿ ತೋರಿಸುತ್ತಾರೆ. ಅದರಿಂದ ನಾಲ್ಕು ಕಾಸು ಬರತೊಡಗಿದ ಮೇಲೆ ಸೌದೆಗೆಂದು ಕಾಡು ಹೊಗುವುದೂ ಉರುಳು ಹಾಕುವುದೂ ನಿಂತಿದ್ದವು.

ಅಡುಗೆಯ ಉಸ್ತುವಾರಿ ಒಬ್ಬ ಹೆಂಗಸಿನದು. ಅವಳು ಫೋನ್ ಎತ್ತುವುದಿಲ್ಲ ಎಂದು ದೂರು ಬಂದಾಗ ನಾನೇ ಅದರ ಸದ್ದು ಪೂರ್ತಿ ಏರಿಸಿ, ಅಡುಗೆಮನೆಯ ಗೋಡೆಗೂಡಿನಲ್ಲಿ ಇಡಿಸಿದ್ದೆ. ಮುಂದಿನ ವಾರ ಹೋಗುವವರು ಈ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಅವಳಿಗೆ ಕರೆ ಮಾಡಿ ಎಷ್ಟು ಜನ ಎಂದು ತಿಳಿಸಬೇಕು. ಅದೂ ನನ್ನದೇ ಕಟ್ಟಳೆ.

ಆ ಭಾನುವಾರ ನನಗೆ ಮಂಡಿನೋವು. ನಜರ್‌ಬಾದಿನ ನನ್ನ ತಂಗಿ ಮೊದಲ ಸಲ ಗುಂಪು ಕರೆದುಕೊಂಡು ಹೊರಟಿದ್ದಳು. ವ್ಯಾನಿನಿಂದಲೇ ಫೋನ್ ಮಾಡಿದಳು.

"ಅಕ್ಕಾ, ನಿನ್ನ ಅಡುಗೆಯವಳು ಫೋನ್ ಮಾಡಿದ್ಲು ಕಣೆ. ಏನು ಪಿಸಪಿಸ ಮಾತು! ದೊಡ್ಡೋರು ಬಂದವ್ರೆ, ಹಿತ್ಲಲ್ಲಿ ಹಲಸಿನಮರದ ಕೆಳಗೆ ನಿಂತವ್ರೆ, ಇವತ್ತು ಬರಬ್ಯಾಡಿ ಅಂತಾಳೆ."

"ನೀನೇನಂದೆ?"

"ದೊಡ್ಡೋರನ್ನ ಯಾರಾದ್ರೂ ನಿಲ್ಸಿ ಮಾತಾಡಿಸ್ತಾರೇನಮ್ಮಾ, ಕುರ್ಚಿ ಹಾಕು, ನಾವೂ ಬಂದು ಕೈ ಮುಗೀತೀವಿ ಅಂದೆ." ವ್ಯಾನಿನಲ್ಲಿದ್ದವರೆಲ್ಲ ನಕ್ಕದ್ದು ಕೇಳಿಸಿತು.

ಆ ಊರಿನಲ್ಲಿ ಆನೆಯನ್ನು ಆನೆ ಎನ್ನುವುದಿಲ್ಲ. ಹೆಸರು ಹಿಡಿದರೆ ಕರೆದ ಹಾಗಾಗುತ್ತದಂತೆ.

"ಗಾಡಿ ತಿರುಗಿಸು" ಎಂದೆ. ಆ ಕಡೆ ಸದ್ದೇ ಇಲ್ಲ. ರಸ್ತೆ ಕಾಡಿನೊಳಗೆ ಹೊಕ್ಕ ಮೇಲೆ ಊರು ಮುಟ್ಟುವವರೆಗೆ ಸಿಗ್ನಲ್ ಸಿಗುವುದಿಲ್ಲ. ಅರಣ್ಯ ಇಲಾಖೆಯವರಿಗೆ ತಿಳಿಸಿದೆ, ಹೊರಟಿದ್ದೇವೆ ಎಂದರು. ಅಡುಗೆಯವಳ ನಂಬರು ತೆಗೆದೆ. ಬೆರಳು ಅದರ ಮೇಲೇ ನಿಂತಿತು. ಹಿತ್ತಲಿಗೂ ಆ ಗೂಡಿಗೂ ನಡುವೆ ಇರುವುದು ಒಂದು ಮಣ್ಣಿನ ಗೋಡೆ. ಒತ್ತಲಿಲ್ಲ.

ಕೊನೆಗೆ ತಂಗಿಯೇ ಫೋನ್ ಮಾಡಿದಳು. ಈಗ ಅವಳದೂ ಪಿಸುಮಾತು.

"ತಿರುವಲ್ಲಿ ಅಡುಗೆಯವಳ ಗಂಡ ಅಡ್ಡ ನಿಂತು ನಿಲ್ಲಿಸ್ಬುಟ್ಟ. ಸಿಗ್ನಲ್ ಇರೋ ಕಡೆಗೆ ವಾಪಸ್ ಬಂದಿದೀವಿ."

"ಅವಳು?"

"ಒಳಗೇ ಅವಳೆ. ಅತ್ತೆಗೆ ಓಡಕ್ಕಾಗಲ್ವಂತೆ, ಇಬ್ಬರೂ ನಡುಮನೇಲಿ ಕೂತವ್ರಂತೆ. ಅಡುಗೆಮನೆ ಗೋಡೆಗೆ ಒರಗಿ ನಿಂತವ್ರಂತೆ ಅಕ್ಕಾ... ದೊಡ್ಡೋರು."

"ಫೋನೆಲ್ಲಿ?"

"ಗೂಡಲ್ಲೇ ಉಳೀತಂತೆ."

ಗಡಿಯಾರ ನೋಡಿದೆ, ಎಂಟಾಗಿತ್ತು. ಮುಂದಿನ ವಾರದ ಗುಂಪು ನಮ್ಮ ಎದುರುಮನೆಯವರದು. ಬ್ಯಾಂಕಿನಲ್ಲಿದ್ದವರು, ಶಿಸ್ತಿನಲ್ಲಿ ನನಗಿಂತ ಒಂದು ಕೈ ಮೇಲು. ಅವರ ನಂಬರು ಬಿಜಿ ಬಂತು. ಮಂಡಿನೋವು ಮರೆತು, ಬರಿಗಾಲಲ್ಲಿ ರಸ್ತೆ ದಾಟಿದೆ. ಅವರು ಗೇಟಿನ ಹತ್ತಿರವೇ ಫೋನ್ ಕಿವಿಗಿಟ್ಟು ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದರು.

"ಒಂದ್ನಿಮಿಷ ಕಣ್ರೀ. ರಿಂಗ್ ಆಗ್ತಾನೇ ಇದೆ, ಎತ್ತುತ್ತಿಲ್ಲ. ಇದು ಎರಡನೇ ಸಲ."

ಕಿತ್ತುಕೊಂಡು ಆರಿಸಿದೆ. ಅಷ್ಟರಲ್ಲಿ ಗೋಡೆ ಒಳಕ್ಕೆ ಬಿದ್ದಿತ್ತು. ಅತ್ತೆ ಸೊಸೆ ರಾಗಿ ಮೂಟೆಗಳ ಸಂದಿಯಲ್ಲಿ ಉಸಿರು ಬಿಗಿಹಿಡಿದು ಉಳಿದರು. ಸೊಂಡಿಲು ನಡುಮನೆಯವರೆಗೂ ಬಂದು ಮುಂದಿನ ಮೂಟೆಯನ್ನು ಎಳೆದುಕೊಂಡು ಹೋಯಿತಂತೆ.

ಈಗ ಗೋಡೆ ಹೊಸದು. ಜನ ಮತ್ತೆ ಹೋಗುತ್ತಿದ್ದಾರೆ. ಅವಳು ಮಾತ್ರ ಮನೆಯಲ್ಲಿ ಫೋನ್ ಇಟ್ಟುಕೊಂಡಿಲ್ಲ. ಹೊಸದು ತೆಗೆಸಿಕೊಡುತ್ತೇನೆ, ಸದ್ದು ಆರಿಸಿಯೇ ಇಟ್ಟುಕೋ ಎಂದು ಕಳೆದ ಸಲ ಹೋದಾಗ ಹೇಳಿದೆ. ಅವಳು ಹಿತ್ತಲ ಕಡೆ ನೋಡಿ ದನಿ ಇಳಿಸಿದಳು.

"ನಮ್ಮನೇದು ಆರ್ಸುದ್ರೆ ಏನ್ ಬಂತಮ್ಮ? ದೊಡ್ಡೋರು ಆ ಸದ್ದು ಕಲ್ತ್ಕೊಂಡ್ಬುಟ್ಟವ್ರೆ. ಈಗ ಯಾರ ಮನೇಲಿ ಫೋನ್ ಕೂಗಿದ್ರೂ ಬಂದು ಬೇಲಿ ತಾವ ನಿಂತ್ಕತಾರೆ."