ಮಣ್ಣೂರಿನ ಮೋಟಾರ್ ಚಾಲೂ ಆತ್ರಿ

ಇವತ್ತ ಮುಂಜಾನೆ ಮಣ್ಣೂರಿನ ಮೋಟಾರ್ ನನಗ ಮೆಸೇಜ್ ಕಳಸಲಿಲ್ಲ. ನಗಬ್ಯಾಡ್ರಿ. ಮಂದಿಗೆ ಗೆಳತ್ಯಾರು ಗುಡ್ ಮಾರ್ನಿಂಗ್ ಅಂತ ಹೂವಿನ ಚಿತ್ರ ಕಳಸ್ತಾರ. ನನಗ ಭೀಮಾ ಹೊಳಿ ದಂಡಿ ಮ್ಯಾಲಿನ ಒಂದು ನೀರೆತ್ತೋ ಮೋಟಾರ್ ದಿನಾ ಹೇಳತಿತ್ತು: 'ಅಕ್ಕಾ, ಕರೆಂಟ್ ಬಂತ್ರಿ. ಮೋಟಾರ್ ಚಾಲೂ ಆತ್ರಿ.' ಚಹಾ ಹಿಡಕೊಂಡು ಅದನ್ನ ಓದಿದ ಮ್ಯಾಲೇ ನನ್ನ ದಿನ ಚಾಲೂ.

ಆ ಮಾತು ಬರದಾಕಿ ಅಫಜಲಪುರದ ಶಬಾನಾ. ಆಳಂದದಾಗ ಕಿರಾಣಿ ಅಂಗಡಿ ಮ್ಯಾಲಿನ ಮಾಳಗ್ಯಾಗ ನಮ್ಮದೊಂದು ಸಣ್ಣ ಕಂಪನಿ ಇತ್ತು. ಐದಾರು ಮಂದಿ ಇಂಜಿನಿಯರು, ಒಬ್ಬರಕಿಂತ ಒಬ್ಬರು ಶಾಣ್ಯಾ. ನನ್ನ ಬಿಟ್ಟು ಅಂತ ಇಟ್ಕೋರಿ. ಕರೆಂಟಿಗೆ ಕಾದು ಹೊಳಿ ದಂಡಿಗೆ ಓಡೋ ರೈತರ ಸಲುವಾಗಿ, ತಾನಾಗೇ ಮೋಟಾರ್ ಚಾಲೂ ಮಾಡಿ ಫೋನಿಗೆ ಸುದ್ದಿ ಮುಟ್ಟಸೋ ಪೆಟ್ಟಿಗಿ ಮಾಡಿದ್ವಿ. ಅದರ ಜೀವ ಎಲ್ಲಾ ಶಬಾನಾಂದು. ತಂತಿಗೆ ಬೆಸಿಗಿ ಹಾಕೋ ಮುಂದ ಮೂಗಿನ ತುದಿಗೆ ಚಶ್ಮಾ, ಬಾಯಾಗ ಶೇಂಗಾ. "ಮಷೀನ್ ಮಾತಾಡಿದ್ರ ನಮ್ಮಂಗ ಮಾತಾಡಬೇಕು ಅಕ್ಕಾ, ಬ್ಯಾಂಕಿನವ್ರಂಗ ಅಲ್ಲ" ಅಂತಿದ್ಳು.

ನಮ್ಮ ಮಾಲಕರು ಕೆಟ್ಟವರಲ್ಲ. ಆದ್ರ ಅವರು ಲಗ್ನಕ್ಕ ಹೋಗಿ ಬಂದ್ರಂದ್ರ ನಮಗ ಎದಿ ಢವಢವ. ಊಟದ ಪಂಕ್ತ್ಯಾಗ ಬಾಜೂ ಕುಂತ ಬೀಗರು ಏನಂದ್ರೋ ಅದೇ ಸೋಮವಾರದಿಂದ ಕಂಪನಿ ಕೆಲಸ. ಅತನೂರ ಲಗ್ನದಿಂದ ಹಾಲು ಅಳೆಯೋ ಮಷೀನ್ ಬಂತು, ಮುಂದಿನ ಲಗ್ನಕ್ಕ ಅದು ಅರ್ಧಕ್ಕೇ ನಿಂತಿತು. ಮದುಮಕ್ಕಳಕಿಂತ ನಾವೇ ಹೆಚ್ಚು ಪಂಚಾಂಗ ನೋಡತಿದ್ವಿ.

ಮಣ್ಣೂರಾಗ ಕಸ್ತೂರಿಬಾಯಿ ಅನ್ನೋ ಹೆಣ್ಣಮಗಳ ಹೊಲಕ್ಕ ಪೆಟ್ಟಿಗಿ ಕೂಡಿಸಿದ್ವಿ. ಪರೀಕ್ಷಾಕ್ಕಂತ ನನ್ನದೂ ಶಬಾನಾಂದೂ ಫೋನ್ ನಂಬರ್ ಅದರಾಗ ಹಾಕಿದ್ವಿ. ನಡೀತ್ರಿ, ಛೊಲೋ ನಡೀತು! ಅದೇ ವಾರ ಮಾಲಕರು ಖಜೂರಿ ಲಗ್ನ ಮುಗಿಸಿ ಬಂದ್ರು, ಹೆಗಲ ಮ್ಯಾಲಿನ್ನೂ ಬೀಗರು ಆಹೇರ ಮಾಡಿದ ಟಾವೆಲ್. "ಮೋಟಾರ್ ಬಿಡ್ರಿ. ಲಾರಿ ಎಲ್ಲಿ ಹೊಂಟಾವಂತ ತೋರ್ಸೋದು ಮಾಡೋಣು. ಊಟಕ್ಕ ಬಾಜೂ ಕುಂತ ಮಾಮಾನೋರು ಹೇಳ್ಯಾರ."

"ಸಾಹೇಬ್ರ, ಇದು ನಡದದ. ಒಮ್ಮೆ ಮಣ್ಣೂರಿಗೆ ಬಂದು ಕಣ್ಣಲೆ ನೋಡ್ರಿ" ಅಂದ್ಳು ಶಬಾನಾ.

"ನೋಡೋಣು" ಅಂದ್ರು. ಬರಲಿಲ್ಲ. ದೇವ್ರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಹಂಗ. ಈಗ ನೆನಸಿದ್ರೂ ನನಗ ಸಿಟ್ಟು ನೆತ್ತಿಗೇರತದ.

ಶಬಾನಾ ಮದಲು ಕೆಲಸ ಬಿಟ್ಟು ಹೋದ್ಳು. ಅಕಿ ಹಿಂದ ಒಬ್ಬೊಬ್ಬರೇ. ಎಲ್ಲಾರೂ ಬುತ್ತಿ ಬಿಚ್ಚಿ ಕೂಡಿ ಉಣ್ಣತಿದ್ದ ಜಾಗಾದಾಗ ಕಡೀಕ ನಾನೊಬ್ಬಾಕಿ ಕುಂತು ರೊಟ್ಟಿ ಮುರದೆ. ಆಮ್ಯಾಲ ಕಂಪನಿನೇ ಬಂದ್ ಆತು. ಶಬಾನಾನ ಫೋನ್ ಮದಲಿಗೆ ದಿನಾ ಬರತಿತ್ತು, ಆಮ್ಯಾಲ ಹಬ್ಬಕ್ಕ, ಆಮ್ಯಾಲ ಅದೂ ಇಲ್ಲ. ಈಗ ನಾ ಜೇವರ್ಗ್ಯಾಗ ಒಂದು ಖೋಲ್ಯಾಗ ಕುಂತು ದೂರದ ಯಾವುದೋ ಕಂಪನಿ ಕೆಲಸ ಮಾಡ್ತೇನಿ. ಜೋಡಿ ಕೆಲಸ ಮಾಡೋರ ಮುಖ ನೋಡಿಲ್ಲ. ಪರದೆ ಮ್ಯಾಲ ಹೆಸರಿನ ಮದಲ ಅಕ್ಷರ ಅಷ್ಟೇ. ಭಾಳ ಒಂಟಿ ಅನಸತದ್ರಿ.

ಅದಕ್ಕ ಇವತ್ತ ಮನಸ್ಸು ತಡೀದೆ ಕಸ್ತೂರಿಬಾಯಿಗೆ ಫೋನ್ ಹಚ್ಚಿದೆ. "ಸಿಡ್ಲಿಗೆ ಪೆಟ್ಟಿಗಿ ಸುಟ್ಟದ ಬೇ. ಇಷ್ಟು ದಿನ ನಾನೇ ಅದರಾಗಿನ ಸಿಮ್ಮಿಗೆ ರಿಚಾರ್ಜ್ ಮಾಡಿಸಿ ನಡಸಾಕತ್ತಿದ್ದೆ. ನಿಮ್ಮ ಕಂಪನಿಯವರು ಬರತಾರೇನು?"

ಕಂಪನಿ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. "ನೋಡೋಣ್ರಿ" ಅಂದೆ, ಥೇಟ್ ಮಾಲಕರಂಗ. ಅಂದಮ್ಯಾಲ ನನಗೇ ನಾಚಿಕಿ ಬಂತು. ಮಂಚದ ಕೆಳಗಿನ ಬೆಸಿಗಿ ಸಾಮಾನು ಹೊರಗ ಎಳದು ಧೂಳು ಒರಸಾಕತ್ತಿದ್ದೆ, ಮತ್ತ ಫೋನ್ ಬಂತು. ಶಬಾನಾ! ಆರಾಮೇನು ಅನ್ನಲಿಲ್ಲ, ಏನಿಲ್ಲ.

"ಅಕ್ಕಾ, ಇವತ್ತ ನಿನಗೂ ಬರಲಿಲ್ಲೇನು?"