ಹಲಗೆಯ ಕೆಳಗಿನ ಹಾಡುಗಳು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಆಸಾಮಿ ನಾನು. ತವರು ಸಿಂಗಟಾಲೂರಿನ ಕಡೆಯ ಒಂದು ಸಣ್ಣ ಊರು. ನಮ್ಮವರು ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಒಕ್ಕಲುತನಕ್ಕೆ ಇಳಿದವರು. ಮುಂಡರಗಿಗೆ ಬಸ್ಸಿನ ಬಾಗಿಲಲ್ಲಿ ಜೋತು ಹೋಗಿ ಪಿಯುಸಿ ಮುಗಿಸಿದೆ, ಗದಗಿನ ಹಾಸ್ಟೆಲಿನ ನೀರು ಸಾರು ಉಂಡು ಬಿ.ಸಿ.ಎ. ಮುಗಿಸಿದೆ. ಶೇಂಗಾ ಬಿಡಿಸುವ ಹಂಗಾಮಿನಲ್ಲೇ ಪರೀಕ್ಷೆ ಬಂದರೆ ಒಂದು ಕೈಯಲ್ಲಿ ಶೇಂಗಾ, ಇನ್ನೊಂದು ಕೈಯಲ್ಲಿ ಪುಸ್ತಕ. ಇದನ್ನೆಲ್ಲ ಯಾರು ಕೇಳಲಿ ಬಿಡಲಿ, ನಾನು ಹೇಳುವವಳೇ. ಕಷ್ಟಪಟ್ಟು ಗಳಿಸಿದ್ದನ್ನು ಮುಚ್ಚಿಟ್ಟುಕೊಂಡು ಏನು ಮಾಡುವುದಿದೆ?

ಮದುವೆಯಾಗಿ ಬಂದದ್ದು ಬೆಟಗೇರಿಗೆ, ನೇಕಾರರ ಮನೆಗೆ. ಮನೆಯವರಿಗೆ ಶಿರಹಟ್ಟಿಯಲ್ಲಿ ಕೆಲಸ, ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಮಾವನವರು ಮಂಡಿನೋವಿನಿಂದ ನೇಯುವುದನ್ನು ಬಿಟ್ಟಿದ್ದರು. ಅವರದು ಕುಣಿ ಮಗ್ಗ. ನೇಯುವವರು ಪಡಸಾಲೆಯ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡಬೇಕು. ಮಗ್ಗ ಬಿಚ್ಚಿ ಮಾರಿದ ಮೇಲೆ ಕುಣಿಯನ್ನು ಮುಚ್ಚಲು ಯಾರಿಗೂ ಮನಸ್ಸಾಗಲಿಲ್ಲ. ಮೇಲೆ ದಪ್ಪ ಹಲಗೆ ಹಾಸಿದರು, ಹಲಗೆಯ ಮೇಲೆ ಜಮಖಾನೆ ಹಾಸಿದರು, ಜಮಖಾನೆಯ ಮೇಲೆ ಅತ್ತೆಯವರ ಭಜನಾ ಮಂಡಳಿ ಬಂದು ಕೂತಿತು.

ಆ ಪಡಸಾಲೆಯ ಮೇಲೆ ನನ್ನ ಕಣ್ಣಿತ್ತು. ಓಣಿಯ ಹುಡುಗಿಯರಿಗೆ ಅಲ್ಲೊಂದು ಕಂಪ್ಯೂಟರ್ ಕ್ಲಾಸ್ ತೆಗೆಯಬೇಕೆಂಬುದು ನನ್ನ ಹಟ. ಇಷ್ಟೆಲ್ಲ ಓದಿ ಬರೀ ರೊಟ್ಟಿ ಬಡಿಯುತ್ತ ಕೂತರೆ ಆ ನೀರು ಸಾರಿಗೂ ಅವಮಾನ. ಗದಗಿನ ಗುಜರಿ ಅಂಗಡಿಯಿಂದ ಮನೆಯವರು ಒಂದು ಹಳೆಯ ಕಂಪ್ಯೂಟರ್ ತಂದುಕೊಟ್ಟರು. ಅದನ್ನು ಒಂದು ಮೂಲೆಯಲ್ಲಿ ಮೇಜಿನ ಮೇಲೆ ಇಡಲು ಅತ್ತೆಯವರು ಒಪ್ಪಿದ್ದಕ್ಕೂ ಒಂದು ಕಾರಣವಿತ್ತು.

ಮಂಡಳಿಗೆ ಹಾಡು ಕಲಿಸಿದ್ದ ಓಣಿಯ ಹಿರಿಯ ಅಜ್ಜಿ ಶಿರಹಟ್ಟಿಯ ಮಗಳ ಮನೆಗೆ ಹೋಗಿಬಿಟ್ಟಿದ್ದರು. ಹೋಗುವ ಮುಂಚೆ ಅವರನ್ನು ಕೂಡಿಸಿಕೊಂಡು, ಬಾಯಲ್ಲಿದ್ದ ಹಾಡನ್ನೆಲ್ಲ ಅತ್ತೆಯವರ ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆವು. ಮೊಬೈಲು ತುಂಬಿ ಫೋನ್ ಬರುವುದೇ ನಿಂತಾಗ, ನಾನು ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಮೊಬೈಲಿನಿಂದ ಅಳಿಸಿದೆ. ಆಗಲೇ ಅತ್ತೆಯವರು ಕರಾರು ಹಾಕಿದ್ದು: ಲಕ್ಷ್ಮೇಶ್ವರದ ಗುಡಿಯಲ್ಲಿ ಮಂಡಳಿಯ ಭಜನೆ ಆಗುವ ತನಕ ಈ ಪೆಟ್ಟಿಗೆ ಹಾಡುಗಳನ್ನು ಚೆನ್ನಾಗಿ ಕಾಯ್ದುಕೊಂಡರೆ ಪಡಸಾಲೆ ಕ್ಲಾಸಿಗೆ ನನ್ನದು.

"ಒಂದ ಹಾಡ ಹೋತು ಅಂದ್ರೂ ನಿನ್ನ ಮೇಜು ಹಿತ್ತಲಕ್ಕ ಹೋತು. ತಿಳೀತಿಲ್ಲೋ?" ಅಂದರು.

ತಿಳಿದಿತ್ತು. ಆದರೆ ಕಂಪ್ಯೂಟರಿಗೆ ತಿಳಿದಿರಲಿಲ್ಲ. ಅದರ ನೆನಪಿನ ಶಕ್ತಿ ಬಹಳ ಕಡಿಮೆ. ಹಾಡು ಹಚ್ಚಿ ಜೊತೆಗೆ ಇನ್ನೆರಡು ಕೆಲಸ ಕೊಟ್ಟರೆ ಸಾಕು, ಬಿಸಿಲಿಗೆ ನಿಂತ ಎಮ್ಮೆಯಂತೆ ನಿಂತುಬಿಡುತ್ತಿತ್ತು. ದುಡ್ಡು ಕೊಟ್ಟು ಕೊಳ್ಳುವ ವಿಂಡೋಸ್ ತೆಗೆದು, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ್ದೆ. ಸ್ವಲ್ಪ ಚುರುಕಾಯಿತು, ಆದರೂ ಸಾಲದು. ಆಗ ಇನ್ನೊಂದು ಡಿಸ್ಕ್ ತರಿಸಿ ಎರಡು ಭಾಗ ಮಾಡಿದೆ. ಸಣ್ಣ ಭಾಗ ಸ್ವಾಪ್‌ಗೆ, ದೊಡ್ಡ ಭಾಗ ಹಾಡಿಗೆ.

ಸ್ವಾಪ್ ಎಂದರೇನೆಂದು ಮಾವನವರು ಕೇಳಿದರು. ಅವರಿಗೆ ಯಂತ್ರ ಎಂದರೆ ಪ್ರೀತಿ. ಮದುವೆಯ ದಿನ ಮನೆಯಲ್ಲಿ ಬೀಗರು ತುಂಬಿದರೆ ನಮ್ಮವರನ್ನು ಬಾಜೂ ಮನೆಗೆ ಮಲಗಲು ಕಳಿಸುತ್ತೇವಲ್ಲ, ಹಾಗೆ ಎಂದೆ. ನೆನಪಿನಲ್ಲಿ ಜಾಗ ಸಾಲದಾದಾಗ, ಸದ್ಯಕ್ಕೆ ಬೇಡವಾದ್ದನ್ನು ಕಂಪ್ಯೂಟರ್ ಡಿಸ್ಕಿನ ಆ ಭಾಗಕ್ಕೆ ಕಳಿಸುತ್ತದೆ. ಕರೆದರೆ ಬರುತ್ತದೆ, ಆದರೆ ಎದ್ದು ಮುಖ ತೊಳೆದು ಬರುವಷ್ಟು ತಡ.

"ಬಾಜೂ ಮನಿಯಾವರು ಬ್ಯಾಡ ಅಂದ್ರ?"

"ಅದಕ್ಕ ಮೊದ್ಲ ಜಾಗಾ ಹಿಡದ ಇಡೂದ್ರಿ ಮಾವಾರ."

ಅವರಿಗೆ ಪೂರ್ತಿ ಸಮಾಧಾನವಾಯಿತು. ಅಷ್ಟು ಚೆನ್ನಾಗಿ ಕಾಲೇಜಿನಲ್ಲಿ ನನಗೂ ಯಾರೂ ಹೇಳಿರಲಿಲ್ಲ.

ಇನ್ನು ಹಾಡಿನ ಭಾಗ. ಲಿನಕ್ಸಿನಲ್ಲಿ ಹೊಸ ಡಿಸ್ಕ್ ತಾನೇ ಬಂದು ಕೂಡುವುದಿಲ್ಲ. ಮೊದಲೇ ಇರುವ ಒಂದು ಫೋಲ್ಡರಿನ ಮೇಲೆ ಅದನ್ನು ಕೂಡಿಸಬೇಕು. ಇದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಯಾವ ಡಿಸ್ಕ್ ಎಲ್ಲಿ ಕೂಡಬೇಕು, ಸ್ವಾಪ್ ಎಲ್ಲಿದೆ ಎಂಬುದನ್ನು ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಸಾಲುಸಾಲಾಗಿ ಬರೆದಿಟ್ಟರೆ, ಪ್ರತಿ ಸಲ ಚಾಲೂ ಮಾಡಿದಾಗ ಯಂತ್ರ ಅದನ್ನು ಓದಿ ಹಾಗೆಯೇ ಮಾಡುತ್ತದೆ. ಅಕ್ಷರ ತಪ್ಪಿದರೆ ಮುಖ ಉಬ್ಬಿಸಿಕೊಂಡು ಕೂಡುತ್ತದೆ. ನಾನು ಅಕ್ಷರ ತಪ್ಪುವವಳಲ್ಲ. ಎರಡು ಸಾಲು ಬರೆದೆ, ಸ್ವಾಪ್ ಚಾಲೂ ಮಾಡಿದೆ, ಹೊಸ ಡಿಸ್ಕನ್ನು ಅಜ್ಜಿಯ ಹಾಡುಗಳಿದ್ದ "ಹಾಡು" ಎಂಬ ಫೋಲ್ಡರಿನ ಮೇಲೆ ಕೂಡಿಸಿದೆ. ಒಂದೂ ತಕರಾರು ಬರಲಿಲ್ಲ. ಅಷ್ಟರಲ್ಲಿ ಅತ್ತೆಯವರು ಜೋಳದ ಹಿಟ್ಟು ಜರಡಿ ಹಿಡಿಯಲು ಕರೆದರು, ಹೆಮ್ಮೆಯಿಂದಲೇ ಎದ್ದು ಹೋದೆ. ಹಳೆಯ ಹಾಡುಗಳನ್ನು ಮೊದಲು ಹೊಸ ಡಿಸ್ಕಿಗೆ ಸಾಗಿಸಿ, ಆಮೇಲೆ ಅದನ್ನು ಅಲ್ಲಿ ಕೂಡಿಸಬೇಕಿತ್ತು ಎಂಬುದು ಹಿಟ್ಟಿನ ಧೂಳಿನಲ್ಲಿ ಮರೆತೇಹೋಯಿತು.

ಸಂಜೆ ಮಂಡಳಿ ಬಂದು ಜಮಖಾನೆಯ ಮೇಲೆ ಕೂತಿತು. ತಾಳ, ದಮ್ಮಡಿ ಎಲ್ಲ ಹೊರಬಂದವು. ಲಕ್ಷ್ಮೇಶ್ವರದ ಭಜನೆ ಹತ್ತಿರ ಬಂದಿತ್ತು, ಒಂದು ಹಾಡಿನ ಧಾಟಿ ಮಾತ್ರ ಯಾರ ಬಾಯಿಗೂ ಸರಿಯಾಗಿ ಕೂತಿರಲಿಲ್ಲ. ಅಜ್ಜಿಯ ದನಿ ಕೇಳಿಯೇ ಕಲಿಯಬೇಕು. ನಾನು ಹಾಡು ಹಚ್ಚುವ ಕಿಟಕಿ ತೆರೆದೆ, "ಹಾಡು" ಫೋಲ್ಡರಿಗೆ ಹೋದೆ. ಹಾಡು ಇರಲಿಲ್ಲ. ಇದ್ದದ್ದು ಒಂದೇ ಒಂದು ಫೋಲ್ಡರು, ಅದರ ಮೇಲೊಂದು ಬೀಗದ ಗುರುತು, ಕೆಳಗೆ ಇಂಗ್ಲಿಷಿನಲ್ಲಿ "ಲಾಸ್ಟ್ ಪ್ಲಸ್ ಫೌಂಡ್".

ಹೊಸದಾಗಿ ಸಿದ್ಧಮಾಡಿದ ಡಿಸ್ಕಿನಲ್ಲಿ ಯಂತ್ರ ತನ್ನ ಸಲುವಾಗಿ ತಾನೇ ಇಟ್ಟುಕೊಳ್ಳುವ ಫೋಲ್ಡರು ಅದು. ಅದಕ್ಕೂ ಹಾಡಿಗೂ ಸಂಬಂಧವಿಲ್ಲ. ಆದರೆ ಮಂಡಳಿಯಲ್ಲಿ ಇಂಗ್ಲಿಷ್ ಓದಲು ಬರುವ ಅಂಗನವಾಡಿ ಟೀಚರು ಇದ್ದರು.

"ಲಾಸ್ಟ್ ಅಂತ ಬರದೈತಲ್ರಿ," ಅಂದರು ಕನ್ನಡಕ ಏರಿಸಿ. "ಅಂದ್ರ ಕಳದಾವು ಅಂತ."

ಮುಂದೆ ಸಿಕ್ಕಿದೆ ಅಂತಲೂ ಇದೆ ಎಂದೆ ನಾನು. ಮುಂದಿನದನ್ನು ಮುಂದೆ ನೋಡೋಣ, ಮೊದಲು ಕಳೆದದ್ದು ಖರೆಯಾಯಿತಲ್ಲ ಎಂದರು ಬಾಜೂ ಮನೆಯ ಅಕ್ಕ. ಅವರು ಮಂಡಳಿಯ ಮುಂದಾಳು, ಮಾತಿಗೆ ನಿಂತರೆ ತಾಳವೇ ಬೇಕಾಗಿಲ್ಲ.

"ಪೆಟಗಿನ ಕಳದೈತಿ ಅಂತ ಒಪಗೊಂಡೈತಿ," ಅಂದರು ಅತ್ತೆಯವರು, "ನೀ ಯಾಕ ವಕೀಲಕಿ ಮಾಡ್ತಿ?"

ಬೀಗ ಕಂಡವರಿಗೆ ಇನ್ನೊಂದು ಆಸೆ ಹುಟ್ಟಿತು: ಹಾಡುಗಳನ್ನು ಯಾರೋ ಅದರೊಳಗೆ ಹಾಕಿ ಬೀಗ ಜಡಿದಿದ್ದಾರೆ, ತೆಗೆದು ನೋಡಬೇಕು. ಬೇಡವೆಂದರೂ ಬಿಡಲಿಲ್ಲ. ಆಜ್ಞೆ ಬರೆಯುವ ಕರಿ ಪರದೆ ತೆರೆದೆ, "ಹಾಡು" ಫೋಲ್ಡರಿನೊಳಗೆ ಹೋಗಿ, ಯಜಮಾನಿಕೆಯ ಗುಪ್ತಪದ ಹೊಡೆದು ಆ ಬೀಗದ ಫೋಲ್ಡರನ್ನೂ ತೆಗೆದು ತೋರಿಸಿದೆ. ಒಳಗೆ ಏನೂ ಇರಲಿಲ್ಲ. ಹೆಂಗಸರೆಲ್ಲ ಒಟ್ಟಿಗೆ ಲೊಚಗುಟ್ಟಿದರು. ಅತ್ತೆಯವರು ಮಾವನವರನ್ನು ಕರೆದು ಮೇಜಿನ ಆ ಕಡೆ ಹಿಡಿಯಲು ಹೇಳಿದರು.

ಆಗ ನನಗೆ ಹೊಳೆಯಿತು, ಹಾಡುಗಳು ಎಲ್ಲಿವೆ ಎಂದು. ಮೇಜಿಗೆ ಅಡ್ಡ ನಿಂತು ಹೇಳಿದೆ: "ಹೋಗಿಲ್ರಿ ಅತ್ತಿ. ಕುಣಿ ಮ್ಯಾಲ ಹಲಗಿ ಹಾಕೇವಲ್ಲ, ಹಂಗ ಆಗೈತಿ. ನಾ ಹಾಡಿನ ಮ್ಯಾಲನ ಹೊಸಾ ಡಿಸ್ಕ್ ಹಾಸೇನಿ. ಹಲಗಿ ತಗದ್ರ ಕೆಳಗ ಎಲ್ಲಾ ಇದ್ದಂಗ ಇರ್ತಾವ್ರಿ."

ಕುಣಿಯಲ್ಲಿ ಏನಿದೆಯೆಂದು ತನಗೆ ಗೊತ್ತು, ಈ ಪೆಟ್ಟಿಗೆಯಲ್ಲಿ ಏನಿದೆಯೆಂದು ನನಗೆ ಗೊತ್ತಿದೆಯೇ ಎಂದು ಅತ್ತೆಯವರು ಕೇಳಿದರು. ಕುಣಿಯಲ್ಲಿ ಏನಿದೆಯೆಂದು ನಿಮಗೂ ಗೊತ್ತಿರಲಿಕ್ಕಿಲ್ಲ ಎಂದರು ಬಾಜೂ ಮನೆಯ ಅಕ್ಕ, ಸುಮ್ಮನೆ ಬೆಂಕಿಗೆ ಒಂದು ಕಡ್ಡಿ ಹಾಕುವ ಹಾಗೆ. ಅತ್ತೆಯವರಿಗೆ ಅಷ್ಟು ಸಾಕಾಯಿತು.

"ಏಳ್ರೆವಾ ಎಲ್ಲಾರೂ," ಅಂದರು. "ಒಂದೊಂದ ಹೆಸರ ಹಿಡದ ಹೇಳ್ತೇನಿ, ತಗದ ನೋಡ್ರಿ."

ಮಂಡಳಿ ಗೋಡೆಗೆ ಸರಿಯಿತು. ಜಮಖಾನೆ ಸುತ್ತಿದರು, ಮಾವನವರೂ ಟೀಚರೂ ಹಿಡಿದು ಹಲಗೆ ಎತ್ತಿದರು. ಅತ್ತೆಯವರು ಕುಣಿಗೆ ಬೆನ್ನು ಮಾಡಿ ನಿಂತು ಹೇಳುತ್ತ ಹೋದರು: ಎರಡು ಹಳೆಯ ಲಾಳಿ, ಉಳ್ಳಾಗಡ್ಡಿಯ ಬುಟ್ಟಿ, ಮುರಿದ ಛತ್ರಿ, ಖಾಲಿ ಎಣ್ಣೆಯ ಡಬ್ಬಿ. ಒಂದೊಂದು ಹೇಳಿದಂತೆ ಒಂದೊಂದು ಮೇಲೆ ಬಂತು. ಎಲ್ಲರೂ ಮೆಚ್ಚಿ ತಲೆದೂಗಿದರು. ಕೊನೆಗೆ ಹೆಸರು ಹೇಳದೆಯೇ ಇನ್ನೊಂದು ಮೇಲೆ ಬಂತು. ದೊಡ್ಡದೊಂದು ಹಿತ್ತಾಳೆಯ ಪರಾತ.

ಆ ಪರಾತ ಬಾಜೂ ಮನೆಯ ಅಕ್ಕನದು. ನನ್ನ ಮದುವೆಯಲ್ಲಿ ಹಿಟ್ಟು ನಾದಲು ತಂದದ್ದು. ಅದು ವಾಪಸು ಬಂದಿಲ್ಲವೆಂದು ಅವರು, ಮರುದಿನವೇ ಮುಟ್ಟಿಸಿದ್ದೇನೆಂದು ಅತ್ತೆಯವರು, ಇಬ್ಬರೂ ದೇವರ ಮೇಲೆ ಆಣೆ ಮಾಡಿದ್ದರು. ಹೋಳಿಗೆ ಹಂಚುವಾಗಲೂ ಆ ಪರಾತದ ಮಾತು ಬಂದು ಹೋಗುತ್ತಿತ್ತು.

"ಕೊಟ್ಟೇನಿ ಅಂತಿದ್ರಲ್ಲ," ಅಂದರು ಅಕ್ಕ, ಪರಾತವನ್ನು ಸೆರಗಿನಿಂದ ಒರೆಸುತ್ತ. "ನಾ ಏನ ತಿಂದೆನೇನು ಇದನ್ನ?"

ಅತ್ತೆಯವರು ಕುಣಿಯನ್ನು ನೋಡಿದರು, ಪರಾತವನ್ನು ನೋಡಿದರು. ಸೋಲುವ ಜಾತಿಯಲ್ಲ ಅವರು.

"ಕಳದಿಲ್ಲಲ್ಲ," ಅಂದರು. "ಹಲಗಿ ಕೆಳಗ ಇದ್ದದ್ದು ಕಳದಂಗ ಅಲ್ಲ. ತಗದ್ವಿ, ಸಿಗ್ತು. ಮುಗೀತು."

"ನಾನೂ ಅದನ್ನ ಅಂದೆನ್ರಿ ಅತ್ತಿ," ಅಂದೆ ನಾನು ಮೆಲ್ಲಗೆ.

ಮಾವನವರು ಮೀಸೆಯೊಳಗೇ ನಗುತ್ತ ಲಾಳಿಯ ಧೂಳು ಝಾಡಿಸತೊಡಗಿದರು. ಅತ್ತೆಯವರು ನನ್ನತ್ತ ನೋಡಲಿಲ್ಲ. ಪರಾತದ ಹಿಂಭಾಗದ ನೆಗ್ಗು ಮೊದಲೇ ಇತ್ತೋ ಆಮೇಲೆ ಬಿತ್ತೋ ಎಂಬ ವಾದ ಶುರುವಾಗಿತ್ತು. ನನಗೆ ಬೇಕಾದದ್ದೂ ಅಷ್ಟೇ ಹೊತ್ತು. ಹೊಸ ಡಿಸ್ಕನ್ನು ಫೋಲ್ಡರಿನ ಮೇಲಿಂದ ಇಳಿಸಲು ಆಜ್ಞೆ ಕೊಟ್ಟೆ. ಜಾಗ ಬಳಕೆಯಲ್ಲಿದೆ, ಇಳಿಸಲಾಗದು ಎಂದಿತು ಯಂತ್ರ. ಇನ್ನೊಮ್ಮೆ ಕೊಟ್ಟೆ, ಅದೇ ಉತ್ತರ. ನೋಡಿದರೆ ಹಾಡು ಹಚ್ಚುವ ಕಿಟಕಿ ಇನ್ನೂ ಆ ಫೋಲ್ಡರಿನಲ್ಲೇ ತೆರೆದು ಕೂತಿತ್ತು. ಅಷ್ಟೇ ಅಲ್ಲ, ಬೀಗ ತೆಗೆಯಲು ಹೋದ ನಾನೂ ಕರಿ ಪರದೆಯಲ್ಲಿ ಅದೇ ಫೋಲ್ಡರಿನೊಳಗೇ ನಿಂತಿದ್ದೆ. ಮೇಲೆ ಕೂತವರು ಏಳದೆ ಹಲಗೆ ಎತ್ತಲು ಬರುತ್ತದೆಯೇ? ಕಿಟಕಿ ಮುಚ್ಚಿದೆ, ನಾನು ಹೊರಗೆ ಬಂದೆ, ಮತ್ತೆ ಆಜ್ಞೆ ಕೊಟ್ಟೆ. ಯಂತ್ರ ಈ ಸಲ ಏನೂ ಅನ್ನಲಿಲ್ಲ. ಲಿನಕ್ಸ್ ಸುಮ್ಮನಿದ್ದರೆ ಕೆಲಸ ಆಯಿತು ಎಂದರ್ಥ; ನಮ್ಮ ಮನೆಯಲ್ಲಿ ಇದಕ್ಕೆ ತದ್ವಿರುದ್ಧ.

ಫೋಲ್ಡರು ತೆರೆದೆ. ಹಾಡುಗಳೆಲ್ಲ ಇಟ್ಟ ಹಾಗೆಯೇ ಇದ್ದವು. ಬೇಕಾದ ಹಾಡು ಹಚ್ಚಿದೆ. ಮೊದಲು ಅಜ್ಜಿಯ ಕೆಮ್ಮು ಬಂತು, ಆಮೇಲೆ ನಮ್ಮ ಕುಕ್ಕರಿನ ಸೀಟಿ, ಆಮೇಲೆ ಆ ದನಿ. ವಾದ ಅರ್ಧಕ್ಕೇ ನಿಂತಿತು. ಅಕ್ಕ ಪರಾತವನ್ನು ಮಡಿಲಲ್ಲಿಟ್ಟುಕೊಂಡೇ ಕೂತರು, ಎರಡನೆಯ ನುಡಿಗೆ ಅದರ ಮೇಲೆಯೇ ಬೆರಳಿನಿಂದ ತಾಳ ಹಾಕತೊಡಗಿದರು. ಅಂದು ಧಾಟಿ ಎಲ್ಲರ ಬಾಯಿಗೂ ಕೂತಿತು.

ಆ ಹಾಡುಗಳನ್ನು ಹೊಸ ಡಿಸ್ಕಿಗೆ ಸಾಗಿಸಿದೆ, ಒಂದು ಪೆನ್‌ಡ್ರೈವಿಗೂ ಹಾಕಿದೆ, ಆಮೇಲೆಯೇ ಮೌಂಟ್ ಮಾಡಿದ್ದು. ಲಕ್ಷ್ಮೇಶ್ವರದ ಭಜನೆಯೂ ಆಯಿತು. ಅತ್ತೆಯವರೂ ಅಕ್ಕನೂ ಮೈಕಿನ ಎರಡು ಕಡೆಗೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಬಹಳ ಚೆನ್ನಾಗಿ ಹಾಡಿದರು.

ಬಂದ ಮರುದಿನ ಅತ್ತೆಯವರು ರೊಟ್ಟಿ ಬಡಿಯುತ್ತ, ನನ್ನತ್ತ ತಿರುಗದೆ, "ಸೋಮವಾರದಿಂದ ಹುಡುಗ್ಯಾರನ್ನ ಬರಾಕ ಹೇಳು," ಅಂದರು. "ಮುಂಜಾನೆ ನಿನ್ನ ಕ್ಲಾಸು, ಸಂಜಿಗೆ ನಮ್ಮ ಭಜನಿ."

ಅಂದೇ ಮಾವನವರಿಂದ ಒಂದು ಬೋರ್ಡು ಬರೆಸಿದೆ. ನನ್ನ ಪದವಿ ದೊಡ್ಡಕ್ಷರದಲ್ಲಿರಲಿ ಎಂದಿದ್ದೆ. ಅವರು ಒಪ್ಪಿದ್ದರು, ಬಣ್ಣವನ್ನೂ ಕಲಸಿದ್ದರು. ಆದರೆ ಬರೆಯುವಾಗ ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ಬೋರ್ಡಿನ ಮುಕ್ಕಾಲು ಭಾಗ "ಚಪ್ಪಲಿ ಹೊರಗೆ ಬಿಡಿರಿ" ಎಂದಿದೆ, ಕೆಂಪಕ್ಷರದಲ್ಲಿ. ಅದರ ಕೆಳಗೆ ಉಳಿದ ಸಂದಿಯಲ್ಲಿ ಕಂಪ್ಯೂಟರ್ ಕ್ಲಾಸು, ಬಿ.ಸಿ.ಎ. ಎರಡೂ ಒತ್ತಿಕೊಂಡು ನಿಂತಿವೆ. ಮೊದಲ ಸೋಮವಾರ ಬಂದ ಹುಡುಗಿಯರು ನಮ್ಮದು ಗುಡಿಯೇನೋ ಎಂದುಕೊಂಡು ಹೊಸ್ತಿಲಿಗೆ ನಮಸ್ಕಾರ ಮಾಡಿಯೇ ಒಳಗೆ ಬಂದರು. ನಾನು ತಿದ್ದಲು ಹೋಗಲಿಲ್ಲ.