ಎಡಗಡೆಗೆ ಇಳಿಯುವ ಸೀಟು

ಹೀಥ್ರೂ ವಿಮಾನ ನಿಲ್ದಾಣದಿಂದ ಹೊರಗೆ ಬಂದಾಗ ಜಿಟಿಜಿಟಿ ಮಳೆ, ಹಲ್ಲು ಕಟಕಟಿಸುವ ಚಳಿ. ಮಾರ್ಚ್ ತಿಂಗಳಿನಲ್ಲೂ ಹೀಗಾ ಅಂತ ಮೊದಲು ಕೇಳಬೇಕೆಂದುಕೊಂಡಿದ್ದೆ. ಆದರೆ ಮಗಳು ಲವೀನಾಳನ್ನು ಕಂಡದ್ದೇ ಆ ಪ್ರಶ್ನೆ ಮರೆತುಹೋಯಿತು. ಅವಳು ಎಣ್ಣೆ ಕಲೆಯ ನೀಲಿ ಮೇಲಂಗಿ ತೊಟ್ಟು ಬಂದಿದ್ದಳು. ಎಣ್ಣೆಗೆ ಹೇಸುವವ ನಾನಲ್ಲ, ಮೂವತ್ತೆಂಟು ವರ್ಷ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸು ಓಡಿಸಿದವ. ಆದರೆ ಮಗಳು ಲಂಡನ್ನಿನಲ್ಲಿ ದೊಡ್ಡ ಕಾರು ಡೀಲರ್ ಹತ್ತಿರ ಇದ್ದಾಳೆ, ಬಿಡಿಭಾಗಗಳ ಕೌಂಟರಿನಲ್ಲಿ ಯೂನಿಫಾರ್ಮ್ ಹಾಕಿ ನಿಲ್ಲುತ್ತಾಳೆ ಅಂತ ಇಗರ್ಜಿಯ ಅಂಗಳದಲ್ಲಿ ಕಂಡಕಂಡವರಿಗೆಲ್ಲ ಹೇಳಿಟ್ಟು ಬಂದಿದ್ದೆ.

"ಆ ಕೆಲಸ ಬಿಟ್ಟು ಎಂಟು ತಿಂಗಳಾಯ್ತು ಪಪ್ಪಾ. ಈಗ ನಂದೇ ಗ್ಯಾರೇಜು," ಅಂದಳು. "ಫೋನಿನಲ್ಲಿ ಹೇಳಿದ್ರೆ ನೀವು ಬೈತಿದ್ರಿ."

ಬೈಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ? (ಮನೆಯಲ್ಲಿ ನಮ್ಮದು ಕೊಂಕಣಿ. ಓದುವವರಿಗಾಗಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.)

ಅವಳ ಫ್ಲ್ಯಾಟ್ ಇರುವುದು ಪಿನ್ನರ್‌ನಲ್ಲಿ. ಬೆಳಿಗ್ಗೆ ಎಂಟರೊಳಗೆ ಕೋಟು ತೊಟ್ಟವರೆಲ್ಲ ಟ್ಯೂಬ್ ರೈಲಿನ ಸ್ಟೇಷನ್ನಿಗೆ ಓಡಿದರೆ, ಆಮೇಲೆ ಬೀದಿಯಲ್ಲಿ ನಾನು ಮತ್ತು ಪಕ್ಕದ ಮನೆಯ ಬೆಕ್ಕು, ಇಬ್ಬರೇ. ಮೊದಲ ಎರಡು ದಿನ ನಿದ್ದೆ ಸರಿಹೊಂದದೆ ಗಂಜಿ, ಊರಿನಿಂದ ತಂದ ಮಿಡಿ ಉಪ್ಪಿನಕಾಯಿ ತಿಂದುಕೊಂಡು ಕಿಟಕಿ ನೋಡುತ್ತ ಕುಳಿತೆ. ಮೂರನೆಯ ದಿನ ಸಂಜೆ ತಡೆಯಲಾರದೆ, "ಯಾವ ಕಂಪೆನಿಯ ಕಾರು ರಿಪೇರಿ ಮಾಡ್ತಿ?" ಅಂತ ಕೇಳಿದೆ.

ಅವಳು ವಿವರಿಸಿದಳು. ಜಪಾನಿನಲ್ಲಿ ಏಳೆಂಟು ವರ್ಷ ಓಡಿದ ಕಾರುಗಳನ್ನು ಹರಾಜಿನಲ್ಲಿ ಹಿಡಿದು ಹಡಗಿನಲ್ಲಿ ತರಿಸುವುದು, ಇಲ್ಲಿನ ಕಾನೂನಿಗೆ ಹೊಂದಿಸಿ ಮಾರುವುದು. ಜಪಾನಿನವರೂ ನಮ್ಮ ಹಾಗೆ, ಇವರ ಹಾಗೆ, ರಸ್ತೆಯ ಎಡಗಡೆಯಲ್ಲೇ ಓಡಿಸುವವರು. ಆದ್ದರಿಂದ ಸ್ಟಿಯರಿಂಗ್ ಬಲಗಡೆಗೇ ಇರುತ್ತದೆ.

"ಇದಕ್ಕೆ ಇಲ್ಲಿ ಗ್ರೇ ಇಂಪೋರ್ಟ್ ಅಂತಾರೆ," ಅಂದಳು.

"ಅಂದರೆ ಕಳ್ಳಮಾಲು!"

"ಅಲ್ಲ ಪಪ್ಪಾ! ತೆರಿಗೆ ಕಟ್ಟಿ, ಕಾಗದಪತ್ರ ಮಾಡಿಸಿಯೇ ತರುವುದು. ಕಂಪೆನಿ ನೇಮಿಸಿದ ಡೀಲರ್ ಮೂಲಕ ಬರುವುದಿಲ್ಲ, ಅಷ್ಟೇ."

ನನಗೆ ಸಮಾಧಾನ ಆಗಲಿಲ್ಲ. ಜೀವಮಾನವಿಡೀ ಬಸ್ಸಿಗೆ ಕಂಪೆನಿ ಸಾಮಾನು ಬಿಟ್ಟು ಬೇರೆ ಹಾಕಬಾರದು ಅಂತ ಮಾಲೀಕರ ಹತ್ತಿರ ಜಗಳ ಮಾಡಿದವ ನಾನು. ನನ್ನ ಮಗಳಾಗಿ ಹುಟ್ಟಿದವಳು ಹೀಗೆ ಮಾಡುವುದಾ ಅಂತ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಬುಧವಾರ. ದಿನವಿಡೀ ತಿರುಗುವ ಟ್ಯೂಬ್ ಟಿಕೇಟಿಗೆ ಹತ್ತಿರ ಹತ್ತಿರ ಐದು ಪೌಂಡು. ಆಗಿನ ನಮ್ಮ ಲೆಕ್ಕದಲ್ಲಿ ಮುನ್ನೂರೈವತ್ತು ರೂಪಾಯಿ! ಹ್ಯಾರೋದಲ್ಲಿ ರೈಲು ಬದಲಿಸಿ ರೇನರ್ಸ್ ಲೇನ್‌ನಲ್ಲಿ ಇಳಿದೆವು. ಅಲ್ಲಿ ದಿನಸಿ ಅಂಗಡಿ ಇಟ್ಟಿರುವ ಸುಮಿತ್ರಮ್ಮ ಮೈಸೂರಿನವರು. ಕರಿಬೇವು, ತೊಂಡೆಕಾಯಿ, ರಾಗಿ ಹಿಟ್ಟು ಎಲ್ಲ ಉಂಟು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರ ಗಂಡ ರಾಜಶೇಖರಯ್ಯನವರು ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಗಿದೆ, ಮಾತೂ ತೊದಲು. ಅಂದಿನಿಂದ ಹೊರಗೆ ಹೋದದ್ದು ಆಸ್ಪತ್ರೆಯ ಆಂಬುಲೆನ್ಸಿನಲ್ಲಿ ಮಾತ್ರ.

ಇವರಿಗೆಂದೇ ಲವೀನಾ ಒಂದು ವ್ಯಾನು ತರಿಸಿದ್ದಳು. ಅದರ ನಡುವಿನ ಸೀಟು ಗುಂಡಿ ಒತ್ತಿದರೆ ತಿರುಗಿ, ಎಡಗಡೆಯ ಬಾಗಿಲಿನಿಂದ ಹೊರಗೆ ಬಂದು, ಫುಟ್‌ಪಾತಿನ ಮಟ್ಟಕ್ಕೆ ಇಳಿಯುತ್ತದಂತೆ. ಜಪಾನಿನಲ್ಲಿ ಮುದುಕರಿಗಾಗಿ ಕಂಪೆನಿಯೇ ಮಾಡುವುದು. ಇಲ್ಲಿನ ಡೀಲರ್ ಹತ್ತಿರ ಆ ಮಾದರಿಯೇ ಇಲ್ಲ. ರಸ್ತೆಗೆ ಇಳಿಸುವ ಮೊದಲು ಸರಕಾರದ ಟೆಸ್ಟ್ ಒಂದು ಪಾಸಾಗಬೇಕಿತ್ತು.

"ಲವೀನಾ, ಶುಕ್ರವಾರದ ಟೆಸ್ಟ್ ಪಾಸಾಗದಿದ್ರೆ ನಾನು ಡೀಲರ್ ಹತ್ರ ಮಾಮೂಲಿ ವ್ಯಾನೇ ತಗೋತೀನಿ, ಬೇಜಾರ್ ಮಾಡ್ಕೋಬೇಡ ಕಣಮ್ಮ," ಅಂದರು ಸುಮಿತ್ರಮ್ಮ. "ಹೊರಗಿಂದ ತರಿಸಿದ ಗಾಡಿ ಬೇಡ ಅಂತ ಎಲ್ರೂ ಹೆದರಿಸ್ತಾರೆ. ಇವರನ್ನ ಎತ್ತಿ ಕೂರಿಸೋಕೆ ಇಬ್ಬರನ್ನ ಇಟ್ಕೊಂಡರಾಯ್ತು."

ರಾಜಶೇಖರಯ್ಯ ಗೋಡೆಯ ಕಡೆ ಮುಖ ತಿರುಗಿಸಿದರು. ಇಬ್ಬರು ಹಿಡಿದು ಎತ್ತುವುದು ಅವರಿಗೆ ಎಷ್ಟು ನಾಚಿಕೆ ಅಂತ ಯಾರೂ ಹೇಳಬೇಕಾಗಿರಲಿಲ್ಲ.

ಅಲ್ಲಿಂದ ಬಸ್ಸಿನಲ್ಲಿ ಡೀಲರ್ ಮಳಿಗೆಗೆ. ಮಗಳು ಮೊದಲು ಕೆಲಸಕ್ಕಿದ್ದ ಜಾಗವೇ ಅದು. ನೆಲದಲ್ಲಿ ಮುಖ ಕಾಣುತ್ತದೆ ಮಾರಾಯ್ರೇ, ಅಷ್ಟು ಹೊಳಪು! ಇಲ್ಲಿನ ಕಾನೂನಿಗೆ ವ್ಯಾನಿನ ಹಿಂದೆ ಮಂಜಿಗಾಗಿ ಒಂದು ಕೆಂಪು ದೀಪ ಬೇಕು, ಜಪಾನಿನವರು ಅದನ್ನು ಹಾಕುವುದಿಲ್ಲ. ಕೌಂಟರಿನವ ಚಾಸಿ ನಂಬರ್ ಹೊಡೆದು, ಕಂಪ್ಯೂಟರಿನಲ್ಲಿ ಇಂಥ ಗಾಡಿಯೇ ಇಲ್ಲ ಅಂದ. ಲವೀನಾ ಇಲ್ಲಿ ಮಾರುವ ಇನ್ನೊಂದು ಮಾದರಿಯ ದೀಪದ ನಂಬರನ್ನು ಪುಸ್ತಕ ನೋಡದೆ ಪಟಪಟನೆ ಹೇಳಿದಳು, ಹತ್ತು ಅಂಕಿ. ಅವನು ಒಳಗಿನಿಂದ ಡಬ್ಬಿ ತಂದು, ಬಿಚ್ಚಿ ನೋಡಿ, ತಲೆಯಾಡಿಸಿದ. ಸರಿಯಾಗಿ ಅದೇ!

ಆಗ ಟೈ ಕಟ್ಟಿದ ಮ್ಯಾನೇಜರ್ ಬಂದ. ನಾನು ಎದ್ದು ನಿಂತು ನಮಸ್ಕಾರ ಮಾಡಿದೆ. ಅವನು ಸಭ್ಯನೇ. "ಇಂಥ ಕಾರಿಗೆ ನಮ್ಮ ಗ್ಯಾರಂಟಿ ಇಲ್ಲ. ಕಂಪೆನಿ ದೋಷ ಕಂಡು ಕಾರುಗಳನ್ನು ವಾಪಸು ಕರೆದರೆ ಆ ಕಾಗದವೂ ಕೊಂಡವರಿಗೆ ಬರುವುದಿಲ್ಲ. ಓಡಿದ ಮೈಲಿ ತಿದ್ದಿರಲೂಬಹುದು," ಅಂದ. ನಾನು ಹೌದೌದು ಅಂತ ತಲೆಯಾಡಿಸುತ್ತಲೇ ಇದ್ದೆ.

ಹೊರಗೆ ಬಂದ ಮೇಲೆ ಲವೀನಾ ಸಿಟ್ಟು ಮಾಡಲಿಲ್ಲ. "ಅವರು ಹೇಳಿದ್ದು ಸುಳ್ಳಲ್ಲ ಪಪ್ಪಾ. ಅದಕ್ಕೇ ನಾನು ಹೀಗೆ ಮಾಡುವುದು," ಅಂತ ಚೀಲದಿಂದ ಹರಾಜಿನ ಹಾಳೆ ತೆಗೆದಳು. ಜಪಾನಿ ಅಕ್ಷರ, ಅದರ ಕೆಳಗೆ ಅವಳ ಕೈಬರಹದಲ್ಲಿ ಇಂಗ್ಲಿಷು. ಎಷ್ಟು ಕಿಲೋಮೀಟರ್ ಓಡಿದೆ, ಹಿಂದಿನ ಬಾಗಿಲಲ್ಲಿ ಎಲ್ಲಿ ತಗ್ಗಿದೆ, ಎಲ್ಲ ಉಂಟು. ದೋಷ ಕಂಡರೆ ಕಂಪೆನಿಯವರು ಹೊರಡಿಸುವ ಪಟ್ಟಿಯನ್ನು ಅವಳೇ ಪ್ರತಿ ತಿಂಗಳು ಜಪಾನಿನಿಂದ ತರಿಸಿ ನೋಡುತ್ತಾಳಂತೆ. ಆ ತಗ್ಗನ್ನು ಸುಮಿತ್ರಮ್ಮನಿಗೆ ಮೊದಲ ದಿನವೇ ತೋರಿಸಿದ್ದಳು. ಬಸ್ಸಿನಲ್ಲಿ ನಾನು ಆ ಹಾಳೆಯನ್ನು ಎರಡು ಸಲ ತಿರುವಿ ನೋಡಿದೆ.

ಶುಕ್ರವಾರ ಬೆಳಿಗ್ಗೆ ಗ್ಯಾರೇಜಿನಿಂದ ಹೊರಟೆವು. ರೈಲು ಹಳಿಯ ಕೆಳಗಿನ ಕಮಾನೊಂದನ್ನು ಬಾಡಿಗೆಗೆ ಹಿಡಿದದ್ದೇ ಅವಳ ಗ್ಯಾರೇಜು. ಅವಳು ಕಾಗದ ಜೋಡಿಸುತ್ತಿದ್ದಾಗ ನಾನು ನನ್ನ ಪಾಲಿನದು ಮಾಡಿ ಮುಗಿಸಿದೆ. ಊರಿನಿಂದ ತಂದ ಸಂತ ಅಂತೋನಿಯವರ ತಗಡಿನ ಪ್ರತಿಮೆಯನ್ನು, ಹೆಬ್ಬೆರಳಿನಷ್ಟು ಎತ್ತರದ್ದು, ಅಲ್ಲೇ ಇದ್ದ ಗಟ್ಟಿ ಗೋಂದು ಹಚ್ಚಿ ಡ್ಯಾಶ್‌ಬೋರ್ಡಿಗೆ ಅಂಟಿಸಿದೆ. ನನ್ನ ಪ್ರತಿ ಬಸ್ಸಿಗೂ ಮೊದಲು ಮಾಡಿದ್ದು ಅದನ್ನೇ. ಕಾಗದದ ಗಡಿಬಿಡಿಯಲ್ಲಿ ಅವಳು ನೋಡಿ ನಕ್ಕಳು, ಅಷ್ಟೇ. ನಂಬರ್ ಪ್ಲೇಟ್ ಇಲ್ಲದ ಗಾಡಿ, ಟೆಸ್ಟಿಗೆ ಹೋಗಲು ಮಾತ್ರ ಅನುಮತಿ. ಹನ್ನೆರಡು ಮೈಲಿ ದಾರಿಯಲ್ಲಿ ಪೊಲೀಸ್ ಕಾರು ಕಂಡಾಗಲೆಲ್ಲ ನನಗೇ ಬೆವರು. ಅವಳು ಮಾತ್ರ ನಿರುಮ್ಮಳವಾಗಿ ಓಡಿಸಿದಳು.

ಟೆಸ್ಟ್ ಮಾಡುವವನು ಬೋಳುತಲೆಯ, ಮಾತಿಲ್ಲದ ಮನುಷ್ಯ. ಹೊಗೆ ನೋಡಿದ, ಬ್ರೇಕ್ ನೋಡಿದ, ಕಿಲೋಮೀಟರಿನಿಂದ ಮೈಲಿ ಲೆಕ್ಕಕ್ಕೆ ಬದಲಿಸಿದ ಮೀಟರ್ ನೋಡಿದ, ಕೆಂಪು ದೀಪ ಹಚ್ಚಿ ಆರಿಸಿದ. ಎಲ್ಲ ಸರಿ. ಆಮೇಲೆ ಒಳಗೆ ಬಗ್ಗಿ ಅಂತೋನಿಯವರನ್ನು ಬೆರಳಿನಿಂದ ಮುಟ್ಟಿದ. ತಲೆ ಬಡಿಯುವ ಜಾಗದಲ್ಲಿ ಚೂಪಾದ ಅಂಚು ಇರಬಾರದು, ಇದು ಫೇಲ್ ಅಂದ!

ಮಗಳು ಎಂಟು ತಿಂಗಳು ಕಟ್ಟಿದ್ದನ್ನು ನಾನು ಎರಡು ನಿಮಿಷದಲ್ಲಿ ಹಾಳು ಮಾಡಿಬಿಟ್ಟೆನಾ? ಕಿತ್ತುಬಿಡುತ್ತೇನೆ ಅಂತ ಕೈ ಹಾಕಿದೆ.

"ಪಪ್ಪಾ, ಮುಟ್ಟಬೇಡಿ! ಡ್ಯಾಶ್‌ಬೋರ್ಡ್ ಸೀಳಿದರೆ ಅದಕ್ಕೂ ಫೇಲ್," ಅಂದಳು. ಆಮೇಲೆ ಅವನ ಕಡೆ ತಿರುಗಿ ಎಷ್ಟು ಹೊತ್ತು ಕೊಡ್ತೀರಿ ಅಂತ ಕೇಳಿದಳು. ತನ್ನ ಚಹಾ ಮುಗಿಯುವವರೆಗೆ ಅಂದ ಅವನು.

ಸಲಕರಣೆ ಪೆಟ್ಟಿಗೆಯಿಂದ ಮೀನು ಹಿಡಿಯುವ ನೈಲಾನ್ ದಾರ ತೆಗೆದಳು. ಆಫೀಸಿನಿಂದ ಬಿಸಿನೀರು ತರಿಸಿ ಬಟ್ಟೆ ಅದ್ದಿ ಗೋಂದಿನ ಮೇಲೆ ಇಟ್ಟಳು. ಆಮೇಲೆ ಪ್ರತಿಮೆಯ ಬುಡಕ್ಕೆ ದಾರ ಹಾಕಿ ಎರಡೂ ಕೈಯಿಂದ ಆಚೆ ಈಚೆ ಎಳೆಯತೊಡಗಿದಳು. ಅವಸರವಿಲ್ಲ, ನಡುಕವಿಲ್ಲ. ಬೆರಳಿಗೆ ದಾರ ಕೊಯ್ದು ರಕ್ತ ಬಂದರೂ ನಿಲ್ಲಿಸಲಿಲ್ಲ. ನಾನು ಬಾಯಲ್ಲಿ ಜಪ ಮಾಡುತ್ತ ಬಟ್ಟೆ ಹಿಂಡಿ ಹಿಂಡಿ ಕೊಡುತ್ತಿದ್ದೆ. ಕೊನೆಗೆ ಅಂತೋನಿಯವರು ಟಪ್ಪನೆ ನನ್ನ ಅಂಗೈಗೆ ಬಿದ್ದರು. ಡ್ಯಾಶ್‌ಬೋರ್ಡಿನಲ್ಲಿ ಒಂದು ಗೀರೂ ಇರಲಿಲ್ಲ.

ಅವನು ಲೋಟ ಇಟ್ಟು ಬಂದು, ಆ ಜಾಗದ ಮೇಲೆ ಉಗುರು ಎಳೆದು ನೋಡಿ, ಕಾಗದಕ್ಕೆ ಸಹಿ ಹಾಕಿದ. ಪಾಸ್!

"ನನ್ನಿಂದ ತಪ್ಪಾಯ್ತು ಮಗಾ," ಅಂದೆ. ಡೀಲರ್ ಮಳಿಗೆಯ ಮ್ಯಾನೇಜರ್ ಮುಂದೆ ತಲೆಯಾಡಿಸಿದ್ದನ್ನೂ ಸೇರಿಸಿಯೇ ಹೇಳಿದ್ದು. ಇಂಥ ಕೈ ಇರುವವಳು ನನ್ನ ಮಗಳು ಅಂತ ಎದೆ ಉಬ್ಬಿಹೋಗಿತ್ತು. "ಮೊದಲು ಬ್ಯಾಂಡೇಜ್ ಸುತ್ತಿ ಪಪ್ಪಾ," ಅಂದಳು.

ನಂಬರ್ ಪ್ಲೇಟ್ ಬರಲು ಹನ್ನೊಂದು ದಿನ ಹಿಡಿಯಿತು. ನಾನು ಊರಿಗೆ ಹೊರಡುವ ಹಿಂದಿನ ದಿನ, ಶನಿವಾರ, ಅಪರೂಪಕ್ಕೆ ಬಿಸಿಲಿತ್ತು. ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿ ಲವೀನಾ ಗುಂಡಿ ಒತ್ತಿದಳು. ಸೀಟು ತಿರುಗಿ ಹೊರಗೆ ಬಂದು ಫುಟ್‌ಪಾತಿಗೆ ಇಳಿಯಿತು. ರಾಜಶೇಖರಯ್ಯ ಎಡಗೈ ಊರಿ, ತಾವೇ ಗಾಲಿಕುರ್ಚಿಯಿಂದ ಅದಕ್ಕೆ ಜರುಗಿ ಕುಳಿತರು. ಯಾರೂ ಎತ್ತಲಿಲ್ಲ. ಎಲ್ಲಿಗೆ ಹೋಗೋಣ ಅಂತ ಕೇಳಿದರೆ, "ಈಸ್ಟ್ ಹ್ಯಾಮ್. ದೋಸೆ," ಅಂದರು.

"ಅಯ್ಯೋ, ಲಂಡನ್ನಿನ ಆ ಕಡೆ ತುದಿಗಾ!" ಅಂತ ಸುಮಿತ್ರಮ್ಮ ನಗುತ್ತ ಕಣ್ಣು ಒರೆಸಿಕೊಂಡರು.

ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಇಪ್ಪತ್ತು ಮೈಲಿಗೂ ಮಿಕ್ಕಿ ದಾರಿ, ಒಂದೂಮುಕ್ಕಾಲು ಗಂಟೆ. ಅಷ್ಟೂ ಹೊತ್ತು ರಾಜಶೇಖರಯ್ಯ ಕಿಟಕಿಗೆ ಹಣೆ ಒತ್ತಿ ಕುಳಿತಿದ್ದರು. ನಾನು ಮುಂದಿನ ಸೀಟಿನಲ್ಲಿದ್ದೆ. ಮಗಳ ಓಡಿಸುವಿಕೆಯಲ್ಲಿ ಹುಳುಕು ಹುಡುಕಬೇಕೆಂದು ನೋಡಿದೆ, ಒಂದೂ ಸಿಗಲಿಲ್ಲ.

ಈಸ್ಟ್ ಹ್ಯಾಮ್‌ನ ಹೈ ಸ್ಟ್ರೀಟ್‌ನಲ್ಲಿ ಜನಜಂಗುಳಿ. ಸೀರೆ ಅಂಗಡಿ, ಕಾದ ಕಾವಲಿಯ ವಾಸನೆ. ಹೋಟೆಲಿನ ಎದುರು ಸೀಟು ಇಳಿಯುವಾಗ ಜನ ನಿಂತು ನೋಡಿದರು. ವಯಸ್ಸಾದ ತಾಯಿಯನ್ನು ತೋಳು ಹಿಡಿದು ನಡೆಸುತ್ತಿದ್ದ ಒಬ್ಬ ಹತ್ತಿರ ಬಂದ. ಇಂಥ ಗಾಡಿಗಾಗಿ ಡೀಲರುಗಳನ್ನೆಲ್ಲ ಕೇಳಿ ಸೋತಿದ್ದೇನೆ, ಇದು ಎಲ್ಲಿ ಸಿಗುತ್ತದೆ ಅಂತ ಇಂಗ್ಲಿಷಿನಲ್ಲಿ ಕೇಳಿದ.

ನಾನು ಎದೆ ಮುಂದೆ ಮಾಡಿ, ನನ್ನ ಮಗಳು ಅಂತ ಹೇಳಲು ಬಾಯಿ ತೆರೆದದ್ದೇ ಸೈ. ಅಷ್ಟರಲ್ಲಿ ರಾಜಶೇಖರಯ್ಯ ಎಡಗೈ ಎತ್ತಿ, ಗಾಯದ ಗುರುತು ಮಾಸದ ಬೆರಳಿನಲ್ಲಿ ಗುಂಡಿ ಹಿಡಿದು ನಿಂತಿದ್ದ ಲವೀನಾಳನ್ನು ತೋರಿಸಿದರು. ತುಟಿ ಕಷ್ಟಪಟ್ಟು ಅಲುಗಿತು, ಆದರೆ ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದರು:

"ನಮ್ಮ ಹುಡುಗಿ!"